ಬುತ್ತಿ ಗಂಟಿನ ಕೊಕ್ಕೆ

ಜಮಖಂಡಿಯ ನಮ್ಮ ಮನೆ ಗೇಟಿನ ಮುರಿದ ಸರಳಿಗೆ ನಾನೇ ವೆಲ್ಡಿಂಗ್ ಮಾಡುವ ಹಟಕ್ಕೆ ಬಿದ್ದು ಸಣ್ಣ ಮಷೀನು ತಂದಿದ್ದೆ. ರಾಡು ತಾಗಿಸಿದರೆ ಕಬ್ಬಿಣಕ್ಕೇ ಅಂಟಿಕೊಳ್ಳುತ್ತಿತ್ತು. ಎಳೆದರೆ ಗೇಟೇ ಅಲ್ಲಾಡುತ್ತಿತ್ತು. ಹಾಗೂ ಹೀಗೂ ಒಂದು ಬೆಸುಗೆ ಕೂತಿತು, ಥೇಟ್ ಕಾಗೆ ಹಿಕ್ಕೆಯ ಹಾಗೆ.

ಆಗ ಕಬ್ಬು ತುಂಬಲು ಹಿಪ್ಪರಗಿಗೆ ಹೊರಟಿದ್ದ ಖಾಲಿ ಟ್ರ್ಯಾಕ್ಟರೊಂದು ಬಂದು ನಿಂತಿತು. ಕಿಡಿ ಕಂಡ ಡ್ರೈವರ್ ಇದೂ ಒಂದು ವೆಲ್ಡಿಂಗ್ ಅಂಗಡಿ ಅಂದುಕೊಂಡಿದ್ದ.

"ಮೇಸ್ತ್ರಿ, ಟ್ರೇಲರ್ ಕೊಂಡಿ ಬಿರುಕು ಬಿಟ್ಟೈತಿ. ಒಂದೀಟು ಟಾಕಾ ಹಾಕ್ರಿ."

ಮೇಸ್ತ್ರಿ! ಆ ಮಾತಿಗೇ ಉಬ್ಬಿಹೋದೆ. ಇನ್ನೂ ಕಲಿಯುತ್ತಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ರಾಡು ಹಿಡಿದು ಎದ್ದೇಬಿಟ್ಟೆ.

ಅವನ ಕಣ್ಣು ಗೇಟಿನ ಬೆಸುಗೆಯ ಮೇಲೆ ಬಿತ್ತು. ಬಗ್ಗಿ ನೋಡಿದ. ನಗಲಿಲ್ಲ.

"ಕೊಂಡಿ ದೊಡ್ಡ ಕೆಲಸರಿ, ಕಬ್ಬು ತುಂಬೋದ್ರೊಳಗ ಊರಾಗ ಮಾಡಸ್ತೇನಿ. ಸೀಟಿನ ಬಾಜೂಕ ಬುತ್ತಿ ತೂಗಹಾಕೋ ಕೊಕ್ಕಿ ಕಿತ್ತೈತಿ. ಅದನ್ನಷ್ಟು ಹಚ್ಚಿಕೊಡ್ರಿ, ಸಾಕು."

ಹಚ್ಚಿದೆ. ರಾಡು ಮತ್ತೆ ಮತ್ತೆ ಅಂಟಿತು. ಅಷ್ಟು ಹೊತ್ತೂ ಅವನು ಬೆನ್ನು ತಿರುಗಿಸಿ, ನಮ್ಮ ಬೇವಿನ ಗಿಡವನ್ನು ಹೊಸದಾಗಿ ಕಂಡವನಂತೆ ನೋಡುತ್ತ ನಿಂತಿದ್ದ. ಕೊಕ್ಕೆ ಆರಿದ ಮೇಲೆ ರೊಟ್ಟಿ ಗಂಟನ್ನು ನನ್ನೆದುರೇ ಅದಕ್ಕೆ ತೂಗಹಾಕಿದ.

"ಛಲೋ ಕುಂತೈತ್ರಿ ಮೇಸ್ತ್ರಿ!"

ಕೆಲಸಗಾರನ ಮನಸ್ಸನ್ನು ಇಷ್ಟು ಜೋಪಾನ ಮಾಡುವ ಗಿರಾಕಿಯನ್ನು ನಾನು ಬೇರೆ ಕಂಡಿಲ್ಲ. ಓಣಿಯ ತಿರುವಿನವರೆಗೂ ನೋಡುತ್ತ ನಿಂತೆ. ಅಲ್ಲಿ ಅವನು ಗಂಟನ್ನು ಮೆಲ್ಲಗೆ ಕೊಕ್ಕೆಯಿಂದ ಬಿಡಿಸಿ ತೊಡೆಯ ಮೇಲಿಟ್ಟುಕೊಂಡ.

ಪುಣ್ಯಾತ್ಮ, ನನ್ನ ಮರ್ಯಾದೆಯನ್ನೂ ಉಳಿಸಿದ, ತನ್ನ ರೊಟ್ಟಿಯನ್ನೂ ಉಳಿಸಿಕೊಂಡ.