ಅಕ್ಕನನ್ನು ಕೊಲ್ಲದ ಕಾದಂಬರಿ

ನನ್ನ ಮೊದಲ ಕಾದಂಬರಿಯ ನಾಯಕಿ ಕೊನೆಯಲ್ಲಿ ಸಾಯುವುದಿಲ್ಲ. ಅದಕ್ಕಾಗಿ ನನ್ನನ್ನು ಇಂದಿಗೂ ಬೈಯುವವರಿದ್ದಾರೆ. ಬೈಯಲಿ. ಅವಳು ನನ್ನ ಒಡಹುಟ್ಟಿದ ಅಕ್ಕ. ಬದುಕಿದ್ದವಳನ್ನು ಬದುಕಿದ್ದಾಳೆ ಎಂದೇ ಬರೆದೆ.

ನಮ್ಮದು ವಾಮಂಜೂರಿನ ಕಡೆಯ ಬೇಸಾಯದ ಮನೆ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನವರಾದ್ದರಿಂದ ಅಮ್ಮನ ಅಣ್ಣನೇ ಯಜಮಾನ. ಅಕ್ಕನ ಗಂಡ ತೀರಿಕೊಂಡ ಮೇಲೆ ಮಾವ ಅವಳನ್ನು ಒಬ್ಬ ಮುದುಕನಿಗೆ ಕೊಡಲು ಹೊರಟರು. ಮುದುಕನಿಗೆ ಗದ್ದೆಯಿತ್ತು, ಹಲ್ಲಿರಲಿಲ್ಲ. ಅಕ್ಕ ಒಲ್ಲೆ ಎಂದಳು. ಹಾಗಾದರೆ ಈ ಮನೆಯಲ್ಲಿ ನಿನಗೆ ಅನ್ನವಿಲ್ಲ ಎಂದರು ಮಾವ. ಹುಟ್ಟಿದ ಮನೆಯಲ್ಲಿ ಹೆಣ್ಣಿಗೇ ಹಕ್ಕು ಎಂದು ಊರಿಗೆಲ್ಲ ಜಂಬ ಕೊಚ್ಚುವ ಜನ ನಾವು. ಅವಳು ಬಿಕರ್ನಕಟ್ಟೆಯ ಹತ್ತಿರ ಒಂದು ಗುಡಿಸಲು ಹಿಡಿದು ಗೇರುಬೀಜದ ಕಾರ್ಖಾನೆ ಸೇರಿದಳು. ಹುರಿದ ಬೀಜದ ಎಣ್ಣೆ ತಾಗಿ ಬೆರಳು ಕಪ್ಪಾಯಿತು, ಚರ್ಮ ಸುಲಿಯಿತು. ಅವಳು ಸುಲಿದ ಬೀಜ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿತ್ತು. ಮನೆತನದ ಹೆಣ್ಣು ಕೂಲಿಗೆ ಹೋದಳೆಂದು ನಮ್ಮವರು ಅವಳಿಗೆ ಎಳ್ಳುನೀರು ಬಿಟ್ಟರು.

ಮಾವನೊಡನೆ ಎಷ್ಟು ವಾದಿಸಿದರೂ ಅವರು ಎಲೆಯಡಿಕೆ ಉಗಿದು ಎದ್ದುಹೋಗುತ್ತಿದ್ದರು. ಆಡಿದ ಮಾತು ನಾಟದಿದ್ದರೆ ಬರೆದದ್ದಾದರೂ ನಾಟೀತು, ಅಕ್ಕನಿಗೆ ಮನೆಯ ಬಾಗಿಲು ತೆರೆದೀತು ಎಂದು ಶಾಲೆಯ ಕೆಲಸ ಮುಗಿಸಿ ಬಂದು ಕಾದಂಬರಿ ಬರೆದೆ. ಪ್ರೆಸ್ಸಿನ ಧಣಿಗಳು ಓದಿ, ಎಲ್ಲ ಸರಿ, ಕೊನೆಗೆ ಅವಳನ್ನು ಬಾವಿಗೆ ಹಾರಿಸಿ, ಜನ ಅಳಬೇಕಲ್ಲ ಎಂದರು. ಆಗಿನ ಕಾದಂಬರಿಗಳಲ್ಲಿ ನೊಂದ ಹೆಂಗಸಿಗೆ ಅದೊಂದೇ ದಾರಿ. ಹಾಳು ಬಾವಿ. ನಾನು ಹಾಳೆಗಳನ್ನು ಬಾಚಿಕೊಂಡು ಹೊರಟೆ. ಅವರೇ ಹಿಂದಕ್ಕೆ ಕರೆದು, ಮಾರಾಟವಾಗದಿದ್ದರೆ ನನ್ನನ್ನು ದೂರಬೇಡಿ ಎಂದು ಗೊಣಗುತ್ತ ಅಚ್ಚು ಹಾಕಿಸಿದರು.

ದೀಪಾವಳಿಗೆ ಪುಸ್ತಕ ಹಿಡಿದುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ, ಪುರಾಣ ಓದುವ ಹಾಗೆ ತುಳುವಿನಲ್ಲಿ ಅರ್ಥ ಹೇಳುತ್ತ ಮುಖ್ಯವಾದ ಭಾಗಗಳನ್ನು ಓದಿದೆ. ಯಾರ ಕಥೆಯೆಂದು ತಿಳಿಯದವರಿರಲಿಲ್ಲ. ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಮಾವನೂ ಕಣ್ಣೊರೆಸಿಕೊಂಡರು. ಗೆದ್ದೆ ಅಂದುಕೊಂಡೆ.

ಹಬ್ಬದಲ್ಲಿ ಮನೆಯ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವುದು ನಮ್ಮ ಪದ್ಧತಿ. ಮಧ್ಯಾಹ್ನ ಒಳಗೆ ಸಾಲಾಗಿ ಎಲೆ ಬಿತ್ತು. ಕುಡಿದು ಗದ್ದೆ ಕಳೆದ, ಮಾವನ ಸೋದರಮಾವನಿಗೂ ಒಂದು ಎಲೆ, ಪಕ್ಕದಲ್ಲಿ ಅವರಿಗೆ ಪ್ರಿಯವಾದ ಕಳ್ಳು. ಅಕ್ಕನನ್ನು ಕರೆದುಕೊಂಡು ಬರಲೇ ಎಂದು ಕೇಳಿದೆ. ಮಾವ ಸಿಡುಕಲಿಲ್ಲ. ನನ್ನ ಮೈ ಉರಿಸಿದ್ದೇ ಅದು. ಬಹಳ ಮೆತ್ತಗೆ, ನನಗೆ ಬುದ್ಧಿ ಹೇಳುವವರಂತೆ ಹೇಳಿದರು.

"ಕಥೆ ಲಾಯ್ಕ ಉಂಟು. ಆದ್ರೆ ಕೊನೆಗೆ ಅವಳು ಸಾಯ್ಬೇಕಿತ್ತು. ಸತ್ತಿದ್ರೆ ಅವಳಿಗೂ ಒಂದು ಎಲೆ ಹಾಕ್ತಿದ್ದೆವು."

ಅಮ್ಮ ಹೌದೆಂದು ತಲೆಯಾಡಿಸಿದಳು. ಮಾವನ ಮಾತನ್ನಾದರೂ ಮರೆತೇನು, ಹೆತ್ತವಳು ತಲೆಯಾಡಿಸಿದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಹಾಗಾದರೆ ನನಗೂ ಇವತ್ತಿನಿಂದಲೇ ಒಂದು ಎಲೆ ಹಾಕಿ ಎಂದು ಕೂಗಾಡಿ, ಉಣ್ಣದೆ ಎದ್ದು ಬಿಕರ್ನಕಟ್ಟೆಗೆ ನಡೆದೆ. ದಾರಿಯುದ್ದಕ್ಕೂ ಒಬ್ಬನೇ ಬೈದುಕೊಳ್ಳುತ್ತಿದ್ದೆ.

ನಾನು ಯಾಕೆ ಮನೆಗೆ ಹೋಗಿದ್ದೆನೆಂದು ಅಕ್ಕನಿಗೆ ಗೊತ್ತಿತ್ತು. ಬಂಗುಡೆ ಮೀನಿನ ಸಾರು ಮಾಡಿ ಬಾಗಿಲಲ್ಲೇ ಕಾದು ಕೂತಿದ್ದಳು. ಅನ್ನ ಬಡಿಸುತ್ತ, ಪುಸ್ತಕ ಕೇಳಿದರಾ ಎಂದಳು. ಕೇಳಿದರು, ಎಲ್ಲರೂ ಅತ್ತರು ಎಂದೆ. ಅದೇನೂ ಸುಳ್ಳಲ್ಲವಲ್ಲ.

ಅಕ್ಕ ಸೌಟು ಕೆಳಗಿಟ್ಟಳು. ಕೈ ಒರೆಸಿಕೊಂಡು ಪೆಟ್ಟಿಗೆಯಿಂದ ಇದ್ದುದರಲ್ಲಿ ಒಳ್ಳೆಯ ಸೀರೆಯನ್ನು ತೆಗೆದು, ಮಡಿಕೆ ಬಿಚ್ಚುತ್ತ ಕೇಳಿದಳು.

"ಹಾಗಾದ್ರೆ ನನಗೆ ಯಾವಾಗ ಬರ್ಲಿಕ್ಕೆ ಹೇಳಿದ್ರು?"