ಬದಲಿಸದೆ ಬಿಟ್ಟ ಎಣ್ಣೆ

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಮ್ಮ ಸಣ್ಣ ಕಾರನ್ನು ನಾನು ಕೈಯಾರೆ ಕೆಡಿಸುವುದರಲ್ಲಿದ್ದೆ. ಇದನ್ನು ನಿಮ್ಮ ಅಪ್ಪನಿಗೂ ಪೂರ್ತಿ ಹೇಳಿಲ್ಲ. ಎದುರು ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಾಮತೀರ್ಥ ನಗರದ ಮನೆಯ ಮುಂದೆ ಅಜ್ಜ ಪ್ರತಿ ಸೋಮವಾರ ಸ್ನಾನಕ್ಕೆ ಮೊದಲು ಬಾನೆಟ್ ಎತ್ತುತ್ತಿದ್ದರು. ಎಣ್ಣೆ ನೋಡುವ ಉದ್ದನೆಯ ಕಡ್ಡಿಯನ್ನು ಎಂಜಿನ್ನಿನಿಂದ ಹಿರಿದು, ಹಳೆಯ ಬನಿಯನ್ ಚೂರಿನಿಂದ ಒರೆಸಿ, ಮತ್ತೆ ಅದ್ದಿ ತೆಗೆಯುತ್ತಿದ್ದರು. ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿವೆ. ಎಣ್ಣೆ ಅವುಗಳ ನಡುವೆ ಇರಬೇಕು. ತಮ್ಮ ಕಣ್ಣಿನ ಆಪರೇಷನ್ ಆದಮೇಲೆ ಅವರೇ ಹಟ ಹಿಡಿದು ನನಗೆ ಗಾಡಿ ಓಡಿಸುವುದನ್ನು ಕಲಿಸಿದರು. ಆದರೆ ಬಾನೆಟ್ಟಿನ ಹತ್ತಿರ ಮಾತ್ರ ನಾನು ಹೋಗುತ್ತಿರಲಿಲ್ಲ.

"ಬಾ, ನೋಡಿ ಕಲ್ಕೋ. ಹೊಡಿಯೂದಷ್ಟ ಕಲ್ತ್ರ ಮುಗೀತೇನು?"

"ಓಣಿ ಮಂದಿ ನೋಡ್ತಾರ್ರಿ."

"ನೋಡ್ಲಿ ತಗೋ. ಅವರೇನು ಬಂದು ಆಯಿಲ್ ಹಾಕ್ತಾರೇನು?"

ನಾನು ನಕ್ಕು ಒಳಗೆ ಹೋಗಿಬಿಡುತ್ತಿದ್ದೆ.

ಅವರು ಹೋದ ಕೆಲವೇ ದಿನಗಳಲ್ಲಿ ಖಾನಾಪುರದಲ್ಲಿದ್ದ ನನ್ನ ಅಕ್ಕನಿಗೆ ಕಿಡ್ನಿ ಕೈಕೊಟ್ಟಿತು. ಮಂಗಳವಾರ, ಶುಕ್ರವಾರ ಬೆಳಗಾವಿಯ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅವಳ ಮಗ ಬಸ್ಸಿನ ಡ್ರೈವರು, ಯಾವಾಗಲೂ ದೂರದ ರೂಟು. ಮೊದಲೆರಡು ವಾರ ಬಾಡಿಗೆ ಗಾಡಿಯಲ್ಲಿ ಬಂದಳು. ಒಮ್ಮೆ ಮರಳುವಾಗ ಸೀಟಿನ ಮೇಲೆ ವಾಂತಿ ಮಾಡಿಕೊಂಡಳಂತೆ, ಡ್ರೈವರು ಬಾಯಿಗೆ ಬಂದಂತೆ ಬೈದನಂತೆ. ಅಂದಿನಿಂದ ಪರರ ಗಾಡಿ ಹತ್ತುವುದಿಲ್ಲವೆಂದು ಕುಳಿತಳು. ಆಗ ನಾನು ಕಾರು ತೆಗೆದೆ. ಬೆಳಗ್ಗೆ ಹೋಗಿ ಕರೆತರುವುದು, ಸಂಜೆ ಬಿಟ್ಟು ಬರುವುದು. ಬೆಳಗಾವಿಯಲ್ಲಿ ನನ್ನ ಬಳಿಯೇ ಇರು ಎಂದರೆ ಒಪ್ಪುತ್ತಿರಲಿಲ್ಲ. ನಿದ್ದೆ ತನ್ನ ಹಾಸಿಗೆಯಲ್ಲೇ ಬರುತ್ತದೆ ಎನ್ನುತ್ತಿದ್ದಳು.

ಅಜ್ಜ ಮಾಡುತ್ತಿದ್ದುದನ್ನು ದೂರದಿಂದ ನೋಡಿದ್ದೆನಲ್ಲ, ಸೋಮವಾರದ ಆ ಕೆಲಸವನ್ನು ನಾನೂ ಬಿಡಲಿಲ್ಲ. ಓಣಿ ಏಳುವ ಮೊದಲೇ ಬಾನೆಟ್ ಎತ್ತಿ ಕಡ್ಡಿ ನೋಡುತ್ತಿದ್ದೆ. ಕಡಿಮೆ ಕಂಡರೆ ಅವರು ತಂದಿಟ್ಟಿದ್ದ ಡಬ್ಬಿಯಿಂದ ಸುರಿಯುತ್ತಿದ್ದೆ. ದಿನ ಕಳೆದಂತೆ ಎಣ್ಣೆ ಕಪ್ಪಾಗುತ್ತ ಬಂತು. ನನಗೆ ಅದರಿಂದ ಸಮಾಧಾನವೇ ಆಯಿತು. ನನ್ನ ತವರಿನಲ್ಲಿ ಅಪ್ಪ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಎತ್ತಿನ ಚಕ್ಕಡಿಯ ಅಚ್ಚಿಗೆ ಹಚ್ಚುತ್ತಿದ್ದ. ಆ ಕೀಲೆಣ್ಣೆ ಕಪ್ಪಾದಷ್ಟೂ ಗಾಲಿ ಸದ್ದಿಲ್ಲದೆ ತಿರುಗುತ್ತದೆ ಎಂದು ನಾವು ನಂಬಿದ್ದೆವು. ಇದೂ ಹಾಗೆಯೇ ಹದಕ್ಕೆ ಬಂದಿದೆ ಎಂದುಕೊಂಡೆ.

ಒಂದು ಸಲ ಮಾತ್ರ ಅನುಮಾನ ಬಂದು ಮನೆ ಹತ್ತಿರದ ಗ್ಯಾರೇಜಿನ ತನಕ ಹೋಗಿದ್ದೆ. ಒಳಗೆ ಐದಾರು ಗಂಡಸರು ಚಹಾ ಕುಡಿಯುತ್ತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಏನು ಬೇಕೆಂದು ಯಾರೋ ಕೇಳುವಷ್ಟರಲ್ಲಿ ನಾನು ತಿರುಗಿ ನಡೆದಿದ್ದೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಮಂಗಳವಾರ ಸಂಜೆ ಅಕ್ಕನನ್ನು ಬಿಡಲು ಹೊರಟಿದ್ದೆ. ಖಾನಾಪುರ ಇನ್ನೇನು ಎರಡು ಕಿಲೋಮೀಟರು ಇತ್ತು.

"ತಂಗೆವ್ವ, ನಿನ್ನ ಮುಂದ ಗಿಂಡಿ ಹಂಗ ಏನೋ ಕೆಂಪಗ ಹತ್ತೇತಿ ನೋಡು" ಎಂದಳು ಅಕ್ಕ.

ಸ್ಟಿಯರಿಂಗಿನ ಹಿಂದೆ ಎಣ್ಣೆಯ ಕೆಂಪು ದೀಪ ಹತ್ತಿತ್ತು. ನೋಡುವಷ್ಟರಲ್ಲಿ ಎಂಜಿನ್ನಿನಿಂದ ಟಕಟಕ ಸದ್ದು ಶುರುವಾಯಿತು. ಬದಿಗೆ ನಿಲ್ಲಿಸಿ ಕೀಲಿ ತಿರುವಿ ಎಂಜಿನ್ ಆರಿಸಿದೆ. ಸ್ವಲ್ಪ ತಡೆದು ಕಡ್ಡಿ ತೆಗೆದು ನೋಡಿದರೆ ಎಣ್ಣೆ ಗುರುತಿನಲ್ಲೇ ಇತ್ತು. ನನಗೆ ಏನೂ ತಿಳಿಯಲಿಲ್ಲ. ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಖಾನಾಪುರದ ಮಿಸ್ತ್ರಿಗೆ ಫೋನ್ ಮಾಡಿದ. ಕನ್ನಡಕ ಹಾಕಿದ, ನನಗಿಂತ ಸ್ವಲ್ಪವೇ ಚಿಕ್ಕವನಾದ ಮಿಸ್ತ್ರಿ ಬಂದು, ಕಡ್ಡಿಯ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದ. ಆ ಕಡೆಯ ಮರಾಠಿ ರೂಢಿಯಂತೆ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದ.

"ಮಾವಶಿ, ಆಯಿಲ್ ಯಾವಾಗ ಬದ್ಲಿ ಮಾಡೀರಿ?"

"ಕಮ್ಮಿ ಆದಾಗೆಲ್ಲ ಹಾಕೇನ್ರಿ."

"ಹಾಕೂದು ಬ್ಯಾರೆ, ಬದ್ಲಿ ಮಾಡೂದು ಬ್ಯಾರೆ. ಗಂಗಾಳ ತೊಳಿಲಾರದ ದಿನಾ ಅದರಾಗ ಹೊಸಾ ಅನ್ನ ನೀಡ್ಕೊಂತ ಹೋದ್ರ ಉಣ್ಣಾಕ ಬರ್ತೈತೇನು?"

"ಕರ್ರಗ ಇತ್ತಲ್ರಿ. ಕೀಲೆಣ್ಣಿ ಹಂಗ ಚಲೋ ಆಗೇತಿ ಅಂದ್ಕೊಂಡೆ."

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಚಕ್ಕಡಿ ಮಾಡೀರಲ್ಲ ಮಾವಶಿ ಇದನ್ನ! ಇನ್ನ ಎತ್ತು ಹೂಡೂದೊಂದು ಬಾಕಿ." ಆಮೇಲೆ ನಗು ಬಿಟ್ಟು ಹೇಳಿದ: "ಒಳಗ ಬೇರಿಂಗ್ ಸವದಿದ್ರ ಎಂಜಿನ್ ಹೋತು ಅಂತ ತಿಳೀರಿ. ಬಿಚ್ಚಿ ನೋಡೂ ತನಕ ನಾ ಮಾತು ಕೊಡೂದಿಲ್ಲ."

ಕಾರನ್ನು ಅವನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದ. ಪರರ ಗಾಡಿ ಹತ್ತಲು ಅಕ್ಕ ಒಪ್ಪಲಿಲ್ಲ. ನಾವು ಇಬ್ಬರೂ ಕೈಹಿಡಿದುಕೊಂಡು ನಿಧಾನವಾಗಿ ನಡೆದೆವು, ಕೂತು ಕೂತು. ಮನೆ ಸೇರಿದ ಮೇಲೆ ಅಕ್ಕ ಗೋಡೆಗೆ ಒರಗಿ ಹೇಳಿದಳು:

"ಗಾಡಿ ಹೋದ್ರ ಹೋಗ್ಲಿ ಬಿಡು. ಶುಕ್ರವಾರ ನಾ ಮನ್ಯಾಗ ಇರ್ತೀನಿ."

"ಒಂದು ಸರದೀನೂ ಬಿಡಬ್ಯಾಡ್ರಿ ಅಂದಾರಲ್ಲಕ್ಕಾ ಡಾಕ್ಟರು."

"ಬಾಡಗಿ ಗಾಡ್ಯಾಗ ಬೈಸ್ಕೊಂಡಾಕಿ ನಾ. ಡಾಕ್ಟರಲ್ಲ."

ಅವಳ ಕಾಲುಗಳು ಆಗಲೇ ಬಾತಿದ್ದವು.

ಆ ರಾತ್ರಿ ಅಕ್ಕನ ಮನೆಯಲ್ಲೇ ಉಳಿದು, ಬುಧವಾರ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಒಳಗೆ ಗಂಡಸರಿದ್ದರು. ಸೆರಗು ಬಿಗಿಹಿಡಿದು ಒಂದು ಟೈರಿನ ಮೇಲೆ ಕುಳಿತೆ, ಎದ್ದು ಹೋಗಲಿಲ್ಲ. ಮಿಸ್ತ್ರಿ ಕೆಳಗಿನ ಬೋಲ್ಟ್ ಬಿಚ್ಚಿದ. ಎಣ್ಣೆ ಧಾರೆಯಾಗಿ ಬೀಳಬೇಕಾದದ್ದು ಉಂಡೆಯುಂಡೆಯಾಗಿ ಬಿತ್ತು. ಎಣ್ಣೆ ನಿಲ್ಲುವ ಚೇಂಬರನ್ನೇ ಇಳಿಸಿದಾಗ ತಳದಲ್ಲಿ ನೀರು ಹಾಕಿ ಕಲಸಿದ ಗುರೆಳ್ಳಿನ ಹಿಂಡಿಯಂಥ ರಾಡಿ. ಎಣ್ಣೆ ಹೀರುವ ಜಾಳಿಗೆಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು.

"ಗುರುತಿನ ತನಕ ಎಣ್ಣಿ ಇದ್ದೂ ದೀಪ ಯಾಕ ಹತ್ತಿತ್ರಿ?" ಎಂದು ಕೇಳಿದೆ. ನನ್ನ ದನಿ ನನಗೇ ಅಪರಿಚಿತ ಅನ್ನಿಸಿತು.

ಅವನು ಜಾಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಕೆಳಗೆ ಎಣ್ಣೆ ಇದ್ದರೂ ಮೇಲಕ್ಕೆ ಏರಲು ದಾರಿ ಇರಲಿಲ್ಲ. ನಾನು ಮತ್ತೆ ಕೇಳಿದೆ, ಅವನು ಮತ್ತೆ ಹೇಳಿದ. ಚಹಾ ಬಂದಾಗ ನನಗೂ ಒಂದು ಕಪ್ಪು ಕೊಟ್ಟರು, ಕುಡಿದೆ. ಗುರುವಾರ ಮಧ್ಯಾಹ್ನದ ತನಕ ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದ. ತೊಳೆದದ್ದನ್ನು ಒರೆಸಿಕೊಡಲು ನಾನೂ ಕೈಹಚ್ಚಿದೆ. ಹೊಸ ಫಿಲ್ಟರು ಕೂರಿಸಿ, ಜೇನಿನ ಬಣ್ಣದ ಹೊಸ ಎಣ್ಣೆ ಸುರಿದ.

"ಈಗ ನೀವ ಚಾಲೂ ಮಾಡ್ರಿ ಮಾವಶಿ."

ಕೀಲಿ ತಿರುವಿದೆ. ಕೆಂಪು ದೀಪ ಹಾಗೇ ಇತ್ತು. ಟಕಟಕ ಸದ್ದು. ಮಿಸ್ತ್ರಿ ಕೈಯೆತ್ತಿ, ತಡೆಯಿರಿ ಎಂದು ಸನ್ನೆ ಮಾಡಿದ. ನಾನು ಕೀಲಿಯ ಮೇಲೆ ಕೈಯಿಟ್ಟು ಕಾದೆ. ದೀಪ ಆರಿತು, ಹಿಂದೆಯೇ ಸದ್ದೂ ಇಳಿಯಿತು.

"ಉಳೀತು. ಸಾವಿರ ಕಿಲೋಮೀಟರಿಗೆ ತಿರುಗಿ ಬದ್ಲಿ ಮಾಡಸ್ರಿ. ನಾಚ್ಕೊಂಡು ಕುಂದರಬ್ಯಾಡ್ರಿ ಮತ್ತ."

ಶುಕ್ರವಾರ ಬೆಳಗ್ಗೆ ಅಕ್ಕ ಬೇಕೆಂದೇ ತಲೆ ಬಾಚದೆ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಬಾಗಿಲಿಗೇ ಕಾರು ತಂದು ನಿಲ್ಲಿಸಿದೆ. ಅವಳು ಕಾರನ್ನು ನೋಡಿದಳು, ನನ್ನ ಉಗುರುಸಂದಿಯ ಕಪ್ಪು ನೋಡಿದಳು.

"ಹಾದ್ಯಾಗ ನಿಂದರೂದಿಲ್ಲಲ್ಲ?"

"ಇಲ್ಲಕ್ಕಾ."

"ಹಂಗಿದ್ರ ಒಳಗ ಬಾ, ಹೆರಳು ಹಾಕು. ಮೊದಲ ಕೈ ತೊಳಕೋ, ಎಷ್ಟ ನಾರ್ತಾವ."

ಅಕ್ಕ ಆಮೇಲೆ ಹದಿನಾಲ್ಕು ತಿಂಗಳು ಬದುಕಿದಳು. ಗಾಡಿಯ ಕಾರಣಕ್ಕೆ ಒಂದು ಸರದಿಯೂ ತಪ್ಪಲಿಲ್ಲ. ಕೊನೆಗೆ ಅವಳು ಹೋದದ್ದು ಅವಳ ಹಾಸಿಗೆಯಲ್ಲೇ, ಮೊಮ್ಮಕ್ಕಳ ನಡುವೆ. ಗ್ಯಾರೇಜಿನ ಹೊಸ್ತಿಲ ಹೊರಗೆ ನಿಂತು ಒಂದು ಮಾತು ಕೇಳಲು ನಾಚಿ ತಿರುಗಿ ಬಂದ ನಾನು, ಆ ಹದಿನಾಲ್ಕು ತಿಂಗಳನ್ನು ಅವಳಿಂದ ಕಿತ್ತುಕೊಳ್ಳುವುದರಲ್ಲಿದ್ದೆ. ಇದು ನಿಮಗೆ ಗೊತ್ತಿರಲಿ.