ಮೆಟ್ಟಿಲ ಬುಡದಲ್ಲಿ ಗೈರುಹಾಜರು

ಹರಿಹರದ ಹುಲಿಯಪ್ಪನ ಹೆಸರೆತ್ತಿದರೆ ದಾವಣಗೆರೆಯ ಒಂದು ಸರ್ಕಾರಿ ಕಚೇರಿಯವರು ಈಗಲೂ ಮುಖ ಸಿಂಡರಿಸುತ್ತಾರೆ. ಜಗಳಗಂಟ ಎನ್ನುತ್ತಾರೆ. ಸುಳ್ಳೇನಲ್ಲ. ಆದರೆ ಒಂದು ಕಾಲದಲ್ಲಿ ಹುಲಿಯಪ್ಪ ಎಷ್ಟು ಮೆತ್ತಗಿನ ಮನುಷ್ಯನಾಗಿದ್ದನೆಂದರೆ, ಹಮಾಲರು ಕೂಲಿ ಹೆಚ್ಚಿಸಲು ಕೂಗಾಡುವಾಗಲೂ ಅವನು ಹಿಂದೆ ನಿಂತು ಬೀಡಿ ಸೇದುತ್ತಿದ್ದ.

ಹುಟ್ಟಿದ್ದು ಪಕ್ಕದ ಸಾರಥಿ ಎಂಬ ಹಳ್ಳಿಯಲ್ಲಿ. ಮೀಸೆ ಮೂಡುವ ಮೊದಲೇ ಹರಿಹರಕ್ಕೆ ಬಂದು ಹಮಾಲಿಗೆ ನಿಂತ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ದಾವಣಗೆರೆಯ ಮಂಡಿಯಲ್ಲೇ ಅವನ ಠಿಕಾಣಿ. ಒಂದು ದಿನ, ಹೇರಿದ ಲಾರಿಯ ಮೇಲೆ ನಿಂತು ಹಗ್ಗ ಜಗ್ಗುತ್ತಿದ್ದಾಗ ಹಗ್ಗ ಹರಿದು ಬೆನ್ನಡಿಯಾಗಿ ಬಿದ್ದ. ಸೊಂಟದಿಂದ ಕೆಳಗೆ ಮತ್ತೆ ಸ್ವಾಧೀನ ಬರಲಿಲ್ಲ. ಹೆಂಡತಿ ಸುಂಕಲಮ್ಮ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯಲು ಸೇರಿಕೊಂಡಳು. ಹಮಾಲರ ಸಂಘದವರು ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಕೊಡಿಸಿದರು. ಅದರಲ್ಲಿ ಓಣಿಯ ತುದಿಯ ಚಹಾದಂಗಡಿಯವರೆಗೆ ಹೋಗಬಹುದಿತ್ತು. ಅದರಾಚೆ ಏರು ಬಂದರೆ ಯಾರಾದರೂ ಹಿಂದಿನಿಂದ ನೂಕಬೇಕು.

ಕೆಲವು ವರ್ಷ ಹೀಗೇ ಕಳೆದ ಮೇಲೆ, ಅವನು ಹಿಂದೆ ದುಡಿದಿದ್ದ ಮಂಡಿಯ ಸಾಹುಕಾರ ಮುರುಗೇಶಪ್ಪ ಹೇಳಿ ಕಳಿಸಿದರು. ಬೈಪಾಸಿನ ಹತ್ತಿರ ಅವರದೊಂದು ವೇಬ್ರಿಡ್ಜ್. ಲಾರಿ ತೂಗಿ ಚೀಟಿ ಹರಿದು ಕೊಡುವ, ಕೂತು ಮಾಡುವ ಕೆಲಸ.

"ನಿನಗ ಇಟ್ಟೀನಿ ನೋಡಪ್ಪ," ಎಂದರು ಮುರುಗೇಶಪ್ಪ. "ಆದ್ರ ದಿನಾ ಅಲ್ಲೀತನ ಬರೋ ದಾರಿ ನೀನೇ ಮಾಡ್ಕೋಬೇಕು."

ಸರ್ಕಾರದಿಂದ ಅಂಗವಿಕಲರಿಗೆ, ಹಿಂಗಾಲಿಯ ಅಕ್ಕಪಕ್ಕ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ಸ್ಕೂಟರ್ ಕೊಡುತ್ತಾರೆಂದು ಗೊತ್ತಾಗಿ ಹುಲಿಯಪ್ಪ ಅರ್ಜಿ ಹಾಕಿದ. ದಾವಣಗೆರೆಯ ಕಚೇರಿಗೆ ಖುದ್ದಾಗಿ ಬರಬೇಕೆಂದು ಕರೆ ಬಂತು. ಓಣಿಯ ಜಾಫರ್ ತನ್ನ ಲಗೇಜ್ ಆಟೋದಲ್ಲಿ ಸೈಕಲ್ಲನ್ನೂ ಹುಲಿಯಪ್ಪನನ್ನೂ ಹೇರಿಕೊಂಡು ಹೋದ. ಹೋಗಿ ನೋಡಿದರೆ, ಅಂಗವಿಕಲರ ಸವಲತ್ತು ನೋಡಿಕೊಳ್ಳುವ ಆ ಕಚೇರಿ ಮೊದಲನೇ ಮಹಡಿಯ ಮೇಲಿತ್ತು. ಲಿಫ್ಟಿಲ್ಲ. ಕಡಿದಾದ ಮೆಟ್ಟಿಲು, ಒಂದು ಕಡೆ ಮಾತ್ರ ಕಂಬಿ.

ಮೇಲಿನಿಂದ ಬಕ್ಕೇಶ್ ಎಂಬ ಗುಮಾಸ್ತ ಬಗ್ಗಿ ನೋಡಿ, "ಎತ್ತಿಕೊಂಡು ಬರ್ರಿ ಮ್ಯಾಲಕ್ಕ. ಎಲ್ರೂ ಹಂಗೇ ಬರ್ತಾರ," ಎಂದ.

ಜಾಫರ್ ಮತ್ತು ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾತ ಸೇರಿ ಎತ್ತಿದರು. ಅರ್ಧ ಮೆಟ್ಟಿಲಿಗೆ ಬರುವಷ್ಟರಲ್ಲಿ ಹುಲಿಯಪ್ಪನ ಲುಂಗಿ ಸಡಿಲಾಯಿತು. ಸರಿಮಾಡಿಕೊಳ್ಳಲು ಕೈ ಬಿಡುವಂತಿರಲಿಲ್ಲ; ಎರಡೂ ಕೈ ಇಬ್ಬರ ಕುತ್ತಿಗೆಗೆ ಸುತ್ತಿಕೊಂಡಿದ್ದವು. ಮೇಲಿನಿಂದ ಇಳಿದು ಬರುತ್ತಿದ್ದ ಇಬ್ಬರು ಹೆಂಗಸರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಅವರು ಮುಖ ತಿರುಗಿಸಿದ್ದೇ ಅವನಿಗೆ ಹೆಚ್ಚು ಚುಚ್ಚಿತು. ಮೇಲೆ ಹೋದ ಮೇಲೆ ಬಕ್ಕೇಶ್, "ಸಾಹೇಬ್ರು ಇವತ್ತು ಮೀಟಿಂಗಿಗೆ ಹೋಗ್ಯಾರ. ಇನ್ನೊಂದು ದಿನ ಬಾ," ಎಂದ.

"ಕೆಳಗಿದ್ದಾಗ್ಲೇ ಹೇಳಬೇಕಿತ್ತಲ್ಲ ಸರ್," ಎಂದ ಜಾಫರ್.

"ನೀವು ಕೇಳಬೇಕಿತ್ತು."

ಮನೆಯಲ್ಲಿ ಸುಂಕಲಮ್ಮ ಏನಾಯಿತೆಂದು ಕೇಳಿದಾಗ, "ಜೀವಮಾನ ಪೂರ್ತಿ ಚೀಲ ಹೊತ್ತೋನು ನಾನು. ಚೀಲ ಆಗಿ ಹೋಗಾಕೆ ನನ್ನ ಕೈಲಾಗಂಗಿಲ್ಲ," ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದ.

ಮತ್ತೆ ಕರೆ ಬಂದಾಗ ಹೋದ. ಆದರೆ ಮೇಲೆ ಹೋಗಲಿಲ್ಲ. ಮೆಟ್ಟಿಲ ಬುಡದಲ್ಲಿ ಸೈಕಲ್ ನಿಲ್ಲಿಸಿಕೊಂಡು, ತಾನು ಬಂದಿರುವುದಾಗಿ ಜಾಫರನ ಕೈಲಿ ಹೇಳಿ ಕಳಿಸಿದ. "ಕೂಡ್ರಾಕೆ ಹೇಳು, ಸಾಹೇಬ್ರು ಬರ್ತಾರ," ಎಂಬ ಉತ್ತರ ಬಂತು. ಹುಲಿಯಪ್ಪ ಕೂತ. ಕೂರುವುದನ್ನು ಬಿಟ್ಟು ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಇಳಿದವರು ಅವನ ಸೈಕಲ್ಲನ್ನು ಸುತ್ತಿ ಬಳಸಿ ಹೋದರು, ಸುತ್ತಿ ಬಳಸಿ ಬಂದರು. ಸಂಜೆ ಬಕ್ಕೇಶ್ ಟಿಫಿನ್ ಡಬ್ಬಿ ಹಿಡಿದು ಇಳಿದವನು, "ಅಯ್ಯೋ, ಇನ್ನೂ ಇಲ್ಲೇ ಅದೀಯಾ?" ಎಂದು ಬೈಕ್ ಹತ್ತಿದ.

ಕೆಲವು ದಿನಗಳ ಮೇಲೆ ಮೊಬೈಲಿಗೆ ಸಂದೇಶ ಬಂತು. ಅರ್ಜಿದಾರರು ಪರಿಶೀಲನೆಗೆ ಗೈರುಹಾಜರಾದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಸುಂಕಲಮ್ಮನಿಗೆ ಓದಲು ಬರುತ್ತಿರಲಿಲ್ಲ. ಹುಲಿಯಪ್ಪನೇ ಓದಿ ಹೇಳಿದ. ಅವಳು ಹಿಟ್ಟಿನ ಕೈಯಲ್ಲೇ ನಿಂತು, "ಬೆಳಗಿಂದ ಸಂಜೀತನ ಅಲ್ಲೇ ಇದ್ರಲ್ಲ. ಕಣ್ಣು ಹೋಗ್ಯಾವೇನು ಅವರಿಗೆ?" ಎಂದಳು.

ದೂರು ಕೊಡುವ ನಂಬರಿಗೆ ಫೋನ್ ಮಾಡಿ ದೂರು ಬರೆಸಿದ. ಅದು ಎಲ್ಲೆಲ್ಲಿ ಸುತ್ತಿತೋ, ಕೊನೆಗೆ ಅದೇ ಬಕ್ಕೇಶನ ಮೇಜಿಗೆ ಬಂದು, ಅರ್ಜಿದಾರರು ಗೈರುಹಾಜರು ಎಂಬ ಅದೇ ಮಾತಿನೊಂದಿಗೆ ವಿಲೇವಾರಿಯಾಯಿತು. ಬಳಿಕ ಒಂದು ಕರೆ ಬಂತು. ಹೆಣ್ಣುದನಿಯ ಯಂತ್ರವೊಂದು, ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ, ಇಲ್ಲದಿದ್ದರೆ ಎರಡನ್ನು ಒತ್ತಿ ಎಂದಿತು. ಹುಲಿಯಪ್ಪ ಎರಡನ್ನು ಒತ್ತಿದ. ಒತ್ತಿದ ಮೇಲೂ ಹೆಬ್ಬೆರಳು ತೆಗೆಯಲಿಲ್ಲ. ಯಂತ್ರ ಧನ್ಯವಾದ ಹೇಳಿ ಇಟ್ಟುಬಿಟ್ಟಿತು.

ಅಷ್ಟರಲ್ಲಿ ವೇಬ್ರಿಡ್ಜಿನ ಕೆಲಸ ಬೇರೆಯವರ ಪಾಲಾಯಿತು. ಮುರುಗೇಶಪ್ಪನವರ ತಪ್ಪೇನಿರಲಿಲ್ಲ; ಲಾರಿಗಳು ಕಾಯುವುದಿಲ್ಲ. ಸಂಕೋಚಕ್ಕೋ ಏನೋ, ಹರಿದ ಗೋಣಿಚೀಲಗಳನ್ನು ಹೊಲಿಯಲು ಹುಲಿಯಪ್ಪನ ಮನೆಗೇ ಕಳಿಸತೊಡಗಿದರು. ದಬ್ಬಳ ಹಿಡಿದು ಚೀಲ ಹೊಲಿಯುತ್ತ ಕೂತವನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ಗೈರುಹಾಜರು. ಸ್ಕೂಟರ್ ಕೊಡುವುದಿಲ್ಲ ಎಂದಿದ್ದರೆ ಸುಮ್ಮನಾಗುತ್ತಿದ್ದನೇನೋ. ಎದುರಿಗೇ ಕೂತವನನ್ನು ಇಲ್ಲ ಎಂದು ಬರೆದರಲ್ಲ, ಅದು ಅವನಿಗೆ ನುಂಗಲಾಗಲಿಲ್ಲ.

ಒಂದು ಬೆಳಿಗ್ಗೆ ಜಾಫರನನ್ನು ಕರೆದು, "ದಾವಣಗೇರಿಗೆ ಬಿಡು. ಬಿಟ್ಟು ದೂರ ಹೋಗಿ ನಿಲ್ಲು. ನಿನ್ನ ಮ್ಯಾಲೆ ಬರಬಾರ್ದು," ಎಂದ.

"ಏನ್ ಮಾಡ್ತೀ ಹುಲಿಯಣ್ಣ?"

"ಹಾಜರಿ ಹಾಕ್ತೀನಿ."

ಕಚೇರಿಯ ಸಾಹೇಬರ ಜೀಪು ಗೇಟಿನೊಳಗೆ ನಿಂತಿತ್ತು. ಹುಲಿಯಪ್ಪ ಸೈಕಲ್ಲನ್ನು ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಗಾಲಿಗೂ ಗೇಟಿನ ಸರಳಿಗೂ ಸೇರಿಸಿ ಸರಪಳಿ ಬಿಗಿದು ಬೀಗ ಹಾಕಿದ. ಕೀಲಿಯನ್ನು ಅಂಗಿಯೊಳಗೆ ಬಿಟ್ಟುಕೊಂಡ.

ಮೊದಲು ಡ್ರೈವರ್ ಬೈದ. ಆಮೇಲೆ ಬಕ್ಕೇಶ್ ಇಳಿದು ಬಂದು, ಪೊಲೀಸರನ್ನು ಕರೆಸುತ್ತೇನೆ ಎಂದ.

"ಕರೀರಿ. ಸ್ಟೇಷನ್ನು ನೆಲದ ಮ್ಯಾಲೇ ಐತೆ. ಅಲ್ಲಿಗಾದ್ರೆ ನಾನೇ ಉಳ್ಳಾಡ್ಕೊಂಡು ಹೋಗ್ತೀನಿ," ಎಂದ ಹುಲಿಯಪ್ಪ.

ಜನ ಸೇರಿದರು. ಎದುರಿನ ಜೆರಾಕ್ಸ್ ಅಂಗಡಿಯ ಹುಡುಗಿ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದಳು. ಆಗ ಸಾಹೇಬರು ಇಳಿದರು. ಇಸ್ತ್ರಿ ಕೆಡದ ಅಂಗಿಯ, ಸಣ್ಣ ದನಿಯ ಮನುಷ್ಯ.

"ಏನಿದೆಲ್ಲಾ? ನಿಮಗೆ ಮೇಲೆ ಬಂದು ಹೇಳೋಕೆ ಏನಾಗಿತ್ತು?" ಎಂದರು. ಕೇಳಿದ ಮೇಲೆ ತಾವೇನು ಕೇಳಿದೆವೆಂದು ಗೊತ್ತಾಗಿ, ಅವನ ಕಾಲಿನ ಮೇಲಿದ್ದ ಕಣ್ಣು ತೆಗೆದರು.

ಹುಲಿಯಪ್ಪ ದನಿ ಏರಿಸಲಿಲ್ಲ. "ಅವತ್ತು ನಾನು ಬಂದಿದ್ದೆನೋ ಇಲ್ವೋ, ಈ ಬಕ್ಕೇಶ್ ಸರ್‌ನ ಕೇಳ್ರಿ."

ಸಾಹೇಬರು ತಿರುಗಿ ನೋಡಿದರು. ಬಕ್ಕೇಶ್, "ಬಂದಿದ್ದ ಸರ್. ಆದ್ರೆ ಮ್ಯಾಲೆ ಬರ್ಲಿಲ್ಲ. ರೂಲ್ಸ್ ಪ್ರಕಾರ ನಮ್ಮ ಮುಂದೆ..." ಎಂದು ತಡವರಿಸಿದ.

"ಮ್ಯಾಲೆ ಬರಾಕೆ ಕಾಲಿದ್ರೆ ನಿಮ್ಮ ಗಾಡಿ ಯಾಕ ಬೇಕಿತ್ತು ಸರ್ ನನಗ?" ಎಂದ ಹುಲಿಯಪ್ಪ.

ಗುಂಪಿನಲ್ಲಿ ಯಾರೋ ನಕ್ಕರು. ಸಾಹೇಬರ ಕಿವಿ ಕೆಂಪಗಾಯಿತು. ಕಡತ ತರಿಸಿ ಜೀಪಿನ ಬಾನೆಟ್ ಮೇಲಿಟ್ಟು, ಅಲ್ಲಿಯೇ ಅವನನ್ನು ನೋಡಿ, ತಿರಸ್ಕರಿಸಿದ್ದ ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿದರು. ಕನಿಕರಕ್ಕಲ್ಲ ಎಂಬುದು ಹುಲಿಯಪ್ಪನಿಗೆ ಗೊತ್ತಿತ್ತು. ಅವರ ಕಣ್ಣೆಲ್ಲ ಆ ಹುಡುಗಿಯ ಮೊಬೈಲಿನ ಮೇಲಿತ್ತು. ಅವನು ಕೈ ಮುಗಿಯಲಿಲ್ಲ. ಬೀಗ ತೆಗೆದ.

ಸ್ಕೂಟರ್ ಮಂಜೂರಾಗಿ ಬರುವಷ್ಟರಲ್ಲಿ ಇನ್ನೊಂದು ಸುಗ್ಗಿ ಕಳೆದಿತ್ತು. ಅದನ್ನು ಕೊಡಲು ಮೈದಾನದಲ್ಲಿ ಶಾಮಿಯಾನ ಹಾಕಿ ಸಮಾರಂಭ ಮಾಡಿದರು. ವೇದಿಕೆ ಆಳೆತ್ತರ, ಹತ್ತಲು ಮರದ ಮೆಟ್ಟಿಲು. ಹೆಸರು ಕರೆದಂತೆಲ್ಲ ಒಬ್ಬೊಬ್ಬರನ್ನೂ ಎತ್ತಿ ಮೇಲಿಡುತ್ತಿದ್ದರು. ಗಣ್ಯರು ಕೀಲಿ ಕೊಟ್ಟು, ಫೋಟೊದವರ ಕಡೆ ನೋಡಿ ನಗುತ್ತಿದ್ದರು. ಮತ್ತೆ ಎತ್ತಿ ಇಳಿಸುತ್ತಿದ್ದರು. ಹುಲಿಯಪ್ಪನ ಹೆಸರು ಬಂದಾಗ ಇಬ್ಬರು ಸ್ವಯಂಸೇವಕರು ಅವನ ತೋಳಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ," ಎಂದ. "ಕೀಲಿ ಕೆಳಗ ತರ್ಲಿ."

ಸುಂಕಲಮ್ಮ ಗಾಬರಿಯಾದಳು. "ಇದೊಂದಿನ ಹೋಗಿ ಬರ್ರಿ. ಕೈಗೆ ಬಂದಿದ್ದು ತಪ್ಪೀತು."

"ತಪ್ಪಲಿ ಬಿಡು."

ಮೈಕಿನವನು ಎರಡನೇ ಸಲ ಹೆಸರು ಕೂಗಿ, ಬಂದಿಲ್ಲ ಎಂದು ಹೇಳಿ ಮುಂದಿನ ಹೆಸರಿಗೆ ಹೋದ. ವೇದಿಕೆಯ ಎದುರಿಗೇ, ಮೊದಲ ಸಾಲಿನಲ್ಲೇ ಹುಲಿಯಪ್ಪ ಕೂತಿದ್ದ. ಸುಂಕಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಯವರೆಗೆ ಗಂಡನ ಹಟ ಕಂಡು ಅವಳಿಗೆ ಬೇಸರವೇ ಇತ್ತು. ಅವತ್ತು ಆ ಬೇಸರ ಹೋಯಿತು. ಗಣ್ಯರೆಲ್ಲ ಕಾರು ಹತ್ತಿ ಹೋಗಿ, ಶಾಮಿಯಾನದವರು ಕುರ್ಚಿ ಮಡಚುತ್ತಿದ್ದಾಗ ಬಕ್ಕೇಶ್ ಬಂದು ಕೀಲಿಯನ್ನು ಅವನ ತೊಡೆಯ ಮೇಲೆ ಎಸೆದು ಹೋದ. ಎಸೆದದ್ದು ಆ ತೊಡೆಗೆ ಗೊತ್ತಾಗಲಿಲ್ಲ. ಸುಂಕಲಮ್ಮನಿಗೆ ಗೊತ್ತಾಯಿತು.

ಈಗ ಹುಲಿಯಪ್ಪ ಆ ಸ್ಕೂಟರಿನಲ್ಲಿ ಮಂಡಿಗೆ ಹೋಗಿ ಅಲ್ಲಿಯೇ ಚೀಲ ಹೊಲಿಯುತ್ತಾನೆ. ಕೆಲಸ ಕಡಿಮೆಯಿದ್ದ ದಿನ ಆ ಕಚೇರಿಯ ಕಡೆ ತಿರುಗಿಸುತ್ತಾನೆ. ಮೆಟ್ಟಿಲ ಹತ್ತಿರ ಯಾರಾದರೂ ಮೇಲೆ ನೋಡುತ್ತ ನಿಂತಿದ್ದರೆ ಪಕ್ಕದಲ್ಲಿ ಗಾಡಿ ನಿಲ್ಲಿಸುತ್ತಾನೆ. ಮೊನ್ನೆ ಆನಗೋಡಿನ ನೇತ್ರಾವತಿ ಎಂಬಾಕೆ, ಕಾಲಿನ ಸ್ವಾಧೀನವಿಲ್ಲದ ಮಗಳನ್ನು ಬೆನ್ನಿಗೆ ಹಾಕಿಕೊಳ್ಳಲು ಬಗ್ಗುತ್ತಿದ್ದಳು.

"ಎತ್ತಬ್ಯಾಡವ್ವ," ಎಂದು ತಡೆದು, ಹಾರನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದ. ಬೀದಿಯವರೆಲ್ಲ ತಿರುಗಿ ನೋಡುವವರೆಗೂ ಬಿಡಲಿಲ್ಲ.

ಬಕ್ಕೇಶ್ ಕಿವಿ ಮುಚ್ಚಿಕೊಂಡು ಬಗ್ಗಿ ನೋಡಿದ. "ಗಾಡಿ ಕೊಟ್ಟೀವಲ್ಲೋ ಮಾರಾಯ. ಇನ್ನೂ ಯಾಕ ಬರ್ತೀ?"

"ಗಾಡಿ ಕೊಟ್ಟಿದ್ದಕ್ಕ ಬರಾಕಾಗ್ತೈತೆ," ಎಂದ ಹುಲಿಯಪ್ಪ. "ಇಳೀರಿ ಕೆಳಗ."

ಬಕ್ಕೇಶ್ ಗೊಣಗುತ್ತ ಕಡತ ಹಿಡಿದು ಇಳಿದ. ನೇತ್ರಾವತಿಯ ಮಗಳು ತಾಯಿಯ ಪಕ್ಕ ಕಟ್ಟೆಯ ಮೇಲೆ ಕೂತೇ ತನ್ನ ಹೆಸರು ಹೇಳಿದಳು.